ಬ್ಲಾಕ್‌ಚೈನ್ ಬಂದರೆ ಬಾಕಿ ಬಾಡಿಗೆ ಬೇಗ ಬರುತ್ತದೆಯೇ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ತಂದೆಯವರ ಕಾಲದಿಂದ ನಡೆದುಬಂದ ಟ್ರಾನ್ಸ್‌ಪೋರ್ಟ್ ವ್ಯವಹಾರ. ಸ್ವಂತದ ಕೆಲವು ಲಾರಿಗಳಿವೆ, ಉಳಿದವನ್ನು ಬ್ರೋಕರ್‌ಗಳ ಮೂಲಕ ಹಿಡಿಯುತ್ತೇವೆ. ಸೇಡಂ, ವಾಡಿ ಕಡೆಯ ಸಿಮೆಂಟು ಮತ್ತು ಇಲ್ಲಿನ ದಾಲ್ ಮಿಲ್‌ಗಳ ತೊಗರಿಬೇಳೆ ನಮ್ಮ ಮುಖ್ಯ ಲೋಡುಗಳು. ಈಚೆಗೆ ಒಂದು ಸಾಫ್ಟ್‌ವೇರ್ ಸಂಸ್ಥೆಯವರು ಬಂದು, ಬಿಲ್ಟಿಗಳನ್ನೆಲ್ಲ (ಸರಕು ಸಾಗಣೆಯ ರಸೀದಿಗಳನ್ನು) ಬ್ಲಾಕ್‌ಚೈನ್‌ಗೆ ಹಾಕಿದರೆ ಸರಕು ಕಡಿಮೆ ಬಂತೆಂಬ ಶಾರ್ಟೇಜ್ ತಕರಾರು ನಿಲ್ಲುತ್ತದೆ, ಬಾಕಿ ಬಾಡಿಗೆ ತಾನಾಗಿ ಬರುತ್ತದೆ, ಮಧ್ಯವರ್ತಿಗಳೇ ಬೇಕಾಗುವುದಿಲ್ಲ ಎಂದು ಹೇಳಿ ವರ್ಷದ ಶುಲ್ಕ ಕೇಳುತ್ತಿದ್ದಾರೆ. ಇದು ಎಷ್ಟರಮಟ್ಟಿಗೆ ನಿಜ? ಬಿಟ್‌ಕಾಯಿನ್‌ಗೆ ಸಂಬಂಧಿಸಿದ್ದಾದರೆ ಕಾನೂನಿನ ತೊಡಕು ಬರುವುದಿಲ್ಲವೇ? ನಾಳೆ ಸಿಮೆಂಟ್ ಕಂಪನಿಯವರೇ ಇದನ್ನು ಕಡ್ಡಾಯ ಮಾಡಿದರೆ ನಾವು ಏನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಸಂಸ್ಥೆಯೊಂದೇ ತನ್ನ ಬಿಲ್ಟಿಗಳನ್ನು ಬ್ಲಾಕ್‌ಚೈನ್‌ಗೆ ಹಾಕಿಕೊಳ್ಳುವ ಯೋಜನೆ ಇದಾಗಿದ್ದರೆ ಆ ಶುಲ್ಕವನ್ನು ಕೊಡಬೇಡಿ. ಒಬ್ಬರನ್ನೊಬ್ಬರು ಪೂರ್ತಿ ನಂಬದ ಹಲವು ಪಕ್ಷಗಳು ಒಂದೇ ದಾಖಲೆಯನ್ನು ಎಲ್ಲರ ಕೈಯಲ್ಲೂ ಇಟ್ಟುಕೊಳ್ಳುವುದಕ್ಕಾಗಿ ರೂಪುಗೊಂಡ ತಂತ್ರಜ್ಞಾನ ಬ್ಲಾಕ್‌ಚೈನ್. ಸಿಮೆಂಟ್ ಕಾರ್ಖಾನೆ, ನೀವು, ಸರಕು ಇಳಿಸಿಕೊಳ್ಳುವ ಡೀಲರು, ಬಿಲ್ಲಿನ ಮೇಲೆ ಹಣ ಕೊಡುವ ಬ್ಯಾಂಕು, ಈ ನಾಲ್ವರೂ ಅದರೊಳಗಿದ್ದರೆ ಅದಕ್ಕೆ ಅರ್ಥವಿದೆ. ನೀವೊಬ್ಬರೇ ಇದ್ದರೆ, ನಿಮ್ಮ ಲೆಕ್ಕವನ್ನು ನೀವೇ ತಿದ್ದಿಲ್ಲವೆಂದು ನಿಮಗೇ ಸಾಬೀತುಪಡಿಸಿಕೊಳ್ಳುವುದಷ್ಟೇ ಆಗುತ್ತದೆ. ಆದ್ದರಿಂದ ಬಂದವರಿಗೆ ಕೇಳಬೇಕಾದ ಮೊದಲನೆಯ ಪ್ರಶ್ನೆ, ನಿಮ್ಮ ದೊಡ್ಡ ಗಿರಾಕಿಗಳಲ್ಲಿ ಯಾರು ಈಗಾಗಲೇ ಇದರಲ್ಲಿ ಸೇರಿದ್ದಾರೆ ಎಂಬುದು. ಉತ್ತರ 'ಮುಂದೆ ಸೇರುತ್ತಾರೆ' ಎಂದಿದ್ದರೆ ಅವರು ಸೇರಿದ ಮೇಲೆ ಬನ್ನಿ ಎಂದು ಹೇಳಿ ಕಳಿಸಬಹುದು.

ಇಷ್ಟಕ್ಕೇ ಉತ್ತರ ಮುಗಿಯುವುದಿಲ್ಲ. ನಿಮ್ಮ ಉದ್ಯಮದ ಕೆಲವು ನಿಜವಾದ ನೋವುಗಳಿಗೆ ಈ ತಂತ್ರಜ್ಞಾನದಲ್ಲಿ ಮದ್ದಿದೆ, ಕೆಲವಕ್ಕೆ ಇಲ್ಲ, ಮತ್ತು ಎರಡನ್ನೂ ಬೇರೆ ಮಾಡಿ ನೋಡದೆ ಒಪ್ಪಂದಕ್ಕೆ ಸಹಿ ಹಾಕಿದವರು ನಷ್ಟಕ್ಕೆ ಒಳಗಾಗುತ್ತಾರೆ.

ಮೊದಲಿಗೆ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯೋಣ. ಹಳೆಯ ಅಡತಿ ಅಂಗಡಿಗಳಲ್ಲಿ ರೋಜ್‌ಕಿರ್ದಿ, ಎಂದರೆ ದಿನದ ಲೆಕ್ಕದ ಪುಸ್ತಕ ಬರೆಯುವಾಗ ಪ್ರತಿ ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ಎತ್ತಿಕೊಂಡು ಲೆಕ್ಕ ಮುಂದುವರಿಸುತ್ತಿದ್ದರು. ನಡುವಿನ ಒಂದು ಪುಟದಲ್ಲಿ ಅಂಕಿಯನ್ನು ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಪುಟಗಳ ಮೊತ್ತವೂ ತಾಳೆ ತಪ್ಪುತ್ತಿತ್ತು. ಬ್ಲಾಕ್‌ಚೈನ್‌ನ ತಿರುಳು ಇದೇ. ಒಂದಷ್ಟು ನಮೂದುಗಳನ್ನು ಸೇರಿಸಿ ಒಂದು ಬ್ಲಾಕ್ ಮಾಡಲಾಗುತ್ತದೆ. ಅದರಲ್ಲಿರುವ ಎಲ್ಲ ಅಕ್ಷರ, ಅಂಕಿಗಳಿಂದ ಗಣಿತದ ಕ್ರಮವೊಂದರ ಮೂಲಕ ಹ್ಯಾಶ್ ಎಂಬ ಗುರುತನ್ನು ತೆಗೆಯಲಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಈ ಗುರುತನ್ನು 64 ಅಕ್ಷರ ಮತ್ತು ಅಂಕಿಗಳಲ್ಲಿ ಬರೆಯುತ್ತಾರೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಗುರುತು ಬದಲಾಗುತ್ತದೆ. ಪ್ರತಿ ಬ್ಲಾಕಿನಲ್ಲಿಯೂ ಅದರ ಹಿಂದಿನ ಬ್ಲಾಕಿನ ಗುರುತನ್ನು ಬರೆದಿರುತ್ತಾರೆ. ಈ ಸರಪಳಿಯ ಪ್ರತಿಗಳು ಸೇರಿದ ಪಕ್ಷಗಳ ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವುದರಿಂದ, ಒಬ್ಬರು ತಮ್ಮ ಪ್ರತಿಯನ್ನು ಗುಟ್ಟಾಗಿ ತಿದ್ದಿಕೊಂಡರೆ ಉಳಿದವರ ಪ್ರತಿಗಳ ಜೊತೆ ಅದು ಹೊಂದದೆ ಕೂಡಲೇ ಬಯಲಾಗುತ್ತದೆ. ತಪ್ಪಾಗಿ ಬರೆದದ್ದನ್ನು ಸರಿಪಡಿಸಲು ಬರುವುದಿಲ್ಲ ಎಂದಲ್ಲ. ಹಳೆಯ ನಮೂದನ್ನು ಹಾಗೆಯೇ ಉಳಿಸಿ, ಯಾರು, ಯಾವಾಗ ಸರಿಪಡಿಸಿದರು ಎಂಬುದರ ಸಮೇತ ಹೊಸ ನಮೂದು ಮಾಡಬೇಕಾಗುತ್ತದೆ.

ಬಿಟ್‌ಕಾಯಿನ್ ಬಗೆಗಿನ ನಿಮ್ಮ ಆತಂಕ ಸಹಜವಾದದ್ದು. ಈ ವಿಧಾನ ಹೆಸರಾದದ್ದೇ ಅದರಿಂದ. ಸಟೋಷಿ ನಕಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಹೊರಬಂದ ಲೇಖನವನ್ನು ಆಧರಿಸಿ 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಜಾಲ ಆರಂಭವಾಯಿತು. ಅದು ಯಾರು ಬೇಕಾದರೂ ಸೇರಬಹುದಾದ ಬಹಿರಂಗ ಜಾಲ. ಸರಕು ಸಾಗಣೆಯಲ್ಲಿ ಬಳಕೆಗೆ ಬಂದಿರುವುದು ಬಹುತೇಕ ಇನ್ನೊಂದು ಬಗೆ, ಅನುಮತಿ ಪಡೆದವರು ಮಾತ್ರ ಸೇರುವ ಖಾಸಗಿ ಜಾಲ. ಲಿನಕ್ಸ್ ಫೌಂಡೇಷನ್ ಆಶ್ರಯದಲ್ಲಿ ಬೆಳೆದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಇಂಥ ಜಾಲಗಳಿಗೆ ಹೆಚ್ಚಾಗಿ ಬಳಕೆಯಾಗುವ ತಂತ್ರಾಂಶ. ಇದರಲ್ಲಿ ನಾಣ್ಯವಿಲ್ಲ, ಕಂಪ್ಯೂಟರ್ ಓಡಿಸಿ ನಾಣ್ಯ ಗಳಿಸುವ ಮೈನಿಂಗ್ ಇಲ್ಲ, ವಿಪರೀತ ವಿದ್ಯುತ್ ಖರ್ಚೂ ಇಲ್ಲ. ಕೇಂದ್ರ ಸರ್ಕಾರವೇ 2024ರ ಸೆಪ್ಟೆಂಬರ್‌ನಲ್ಲಿ 'ವಿಶ್ವಸ್ಯ' ಹೆಸರಿನ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಬಿಡುಗಡೆ ಮಾಡಿದೆ. ಆದ್ದರಿಂದ ತಂತ್ರಜ್ಞಾನವನ್ನು ಬಳಸುವುದರಲ್ಲಿ ಕಾನೂನಿನ ಅಡ್ಡಿಯಿಲ್ಲ. ಆದರೆ ಬಂದವರು 'ಟೋಕನ್ ಕೊಳ್ಳಿ, ಬಾಡಿಗೆಯನ್ನು ಟೋಕನ್‌ನಲ್ಲಿ ಪಡೆಯಿರಿ' ಎಂದು ಹೇಳಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಅಂಥ ಡಿಜಿಟಲ್ ಆಸ್ತಿಯ ವರ್ಗಾವಣೆಯಿಂದ ಬರುವ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30ರ ತೆರಿಗೆ ಇದೆ, ಅದೇ ವರ್ಷದ ಜುಲೈನಿಂದ ಶೇ. 1ರ ಟಿಡಿಎಸ್ ಕೂಡ ಜಾರಿಯಲ್ಲಿದೆ. ಲಾರಿ ಬಾಡಿಗೆಗೆ ಆ ಗೊಡವೆ ಬೇಕಿಲ್ಲ.

ಈಗ ನಿಮ್ಮದೇ ಒಂದು ಲೋಡನ್ನು ಹತ್ತಿರದಿಂದ ನೋಡೋಣ. ಸೇಡಂನಿಂದ 50 ಕೆ.ಜಿ.ಯ 500 ಚೀಲ, ಎಂದರೆ 25 ಟನ್ ಸಿಮೆಂಟು ಸೊಲ್ಲಾಪುರದ ಆಚೆಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಕಾರ್ಖಾನೆಯ ಕಾಟಾದಲ್ಲಿ (ಲಾರಿ ತೂಗುವ ಯಂತ್ರದಲ್ಲಿ) ಖಾಲಿ ಲಾರಿಯ ತೂಕ, ಲೋಡಾದ ಮೇಲಿನ ತೂಕ, ಗೇಟ್ ಪಾಸ್, ಇನ್‌ವಾಯ್ಸ್, ಸರಕು ಸಾಗಿಸಲು ಬೇಕಾದ ಜಿಎಸ್‌ಟಿಯ ಇ-ವೇ ಬಿಲ್, ನಿಮ್ಮ ಬಿಲ್ಟಿ, ಇಷ್ಟು ಕಾಗದಗಳು ಹುಟ್ಟುತ್ತವೆ. ಆ ತುದಿಯಲ್ಲಿ ಹಮಾಲಿಗಳು ಇಳಿಸುವಾಗ 4 ಚೀಲ ಒಡೆದಿವೆ. ಡೀಲರು ಬಿಲ್ಟಿಯ ಬೆನ್ನಿಗೆ '4 ಚೀಲ ಡ್ಯಾಮೇಜ್' ಎಂದು ಬರೆದು ಸಹಿ ಹಾಕುತ್ತಾನೆ. ಲಾರಿ ಒಂದೂವರೆ ದಿನ ಖಾಲಿಯಾಗದೆ ನಿಂತಿತ್ತು ಎಂಬುದನ್ನು ಎಲ್ಲಿಯೂ ಬರೆಯುವುದಿಲ್ಲ. ಸಹಿಯಾದ ಬಿಲ್ಟಿ ಚಾಲಕನ ಡ್ಯಾಶ್‌ಬೋರ್ಡಿನಲ್ಲಿ ಮಡಚಿಕೊಂಡು ಬಿದ್ದು, ಮುಂದಿನ ಲೋಡು ಮುಗಿಸಿ ಅವನು ಊರಿಗೆ ಬರುವ ಹೊತ್ತಿಗೆ ನಿಮ್ಮ ಕೈ ಸೇರುತ್ತದೆ. ಅದನ್ನು ಲಗತ್ತಿಸಿ ನೀವು ಬಿಲ್ಲು ಹಾಕಿದ ಮೇಲೆ, ಕಂಪನಿಯ ಲೆಕ್ಕದಲ್ಲಿ ಅದು 4 ಚೀಲವೋ 7 ಚೀಲವೋ, ಚೀಲ ಒಡೆದದ್ದು ದಾರಿಯಲ್ಲೋ ಇಳಿಸುವಾಗಲೋ, ಲಾರಿ ಕಾದು ನಿಂತದ್ದಕ್ಕೆ ಹಾಲ್ಟಿಂಗ್ ಹಣ ಕೊಡಬೇಕೋ ಬೇಡವೋ ಎಂಬ ವಾದ ಶುರುವಾಗುತ್ತದೆ. ಈ ವಾದದಲ್ಲಿ ಎರಡೂ ಕಡೆಯವರ ಕೈಯಲ್ಲಿ ಬೇರೆ ಬೇರೆ ಲೆಕ್ಕವಿರುವುದೇ ಮೂಲ ತೊಂದರೆ.

ಹಂಚಿಕೊಂಡ ದಾಖಲೆ ನಿಜವಾಗಿ ನೆರವಿಗೆ ಬರುವುದು ಇಲ್ಲಿ. ಕಾಟಾದ ತೂಕ ನೇರವಾಗಿ ಯಂತ್ರದಿಂದ ದಾಖಲೆಗೆ ಇಳಿದು, ಲಾರಿ ಡೀಲರನ ಗೋದಾಮನ್ನು ತಲುಪಿದ ಹೊತ್ತು ಜಿಪಿಎಸ್‌ನಿಂದ ದಾಖಲಾಗಿ, ಒಡೆದ ಚೀಲಗಳ ಫೋಟೊ ಸಮೇತ ಡೀಲರು ತನ್ನ ಫೋನಿನಲ್ಲಿ ಒಟಿಪಿ ಕೊಟ್ಟು ಒಪ್ಪಿದ ಕ್ಷಣದಲ್ಲೇ ಮೂವರ ಪ್ರತಿಯಲ್ಲಿಯೂ ಒಂದೇ ನಮೂದು ಕೂತುಬಿಟ್ಟರೆ, ಮುಂದೆ ವಾದಕ್ಕೆ ಜಾಗ ಬಹಳ ಕಡಿಮೆ. ಇದರ ಮೇಲೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪುಟ್ಟ ಪ್ರೋಗ್ರಾಂ ಅನ್ನು ಕೂರಿಸುತ್ತಾರೆ. ಟನ್ನಿಗೆ ಇಷ್ಟು ಬಾಡಿಗೆ, ಡೀಸೆಲ್ ದರ ಇಷ್ಟು ಏರಿದರೆ ಇಷ್ಟು ಹೆಚ್ಚಳ, 24 ಗಂಟೆ ಮೀರಿ ನಿಂತರೆ ದಿನಕ್ಕೆ ಇಷ್ಟು ಹಾಲ್ಟಿಂಗ್, ಒಡೆದ ಚೀಲಕ್ಕೆ ಇಷ್ಟು ಕಡಿತ ಎಂಬ ಷರತ್ತುಗಳನ್ನು ಮೊದಲೇ ಬರೆದಿಟ್ಟರೆ, ಡೆಲಿವರಿ ಆದ ಕೂಡಲೇ ಬಿಲ್ಲಿನ ಮೊತ್ತವನ್ನು ಅದೇ ಲೆಕ್ಕ ಹಾಕುತ್ತದೆ.

ಕೆನಡಾದ ವಾಲ್‌ಮಾರ್ಟ್ ಸಂಸ್ಥೆ ತನ್ನ ಸರಕು ಸಾಗಿಸುವ ಸುಮಾರು 70 ಟ್ರಾನ್ಸ್‌ಪೋರ್ಟ್ ಸಂಸ್ಥೆಗಳ ಜೊತೆ ಮಾಡಿದ್ದು ಇದನ್ನೇ. ಅದಕ್ಕೆ ಮೊದಲು ಅಲ್ಲಿ ಶೇ. 70ರವರೆಗೆ ಬಾಡಿಗೆ ಬಿಲ್ಲುಗಳು ತಕರಾರಿಗೆ ಸಿಕ್ಕಿಕೊಳ್ಳುತ್ತಿದ್ದವು. ಹೊಸ ವ್ಯವಸ್ಥೆ ಬಂದ ಮೇಲೆ ಆ ಪ್ರಮಾಣ ಶೇ. 2ಕ್ಕಿಂತ ಕೆಳಗೆ ಇಳಿಯಿತು. ಸರಕು ಸಾಗಣೆಯಲ್ಲಿ ಬ್ಲಾಕ್‌ಚೈನ್‌ನ ಪ್ರಯೋಜನಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಇಲ್ಲ. ಆದರೆ ಒಂದನ್ನು ಗಮನಿಸಬೇಕು. ಇದನ್ನು ತಂದದ್ದು ಬಾಡಿಗೆ ಕೊಡುವ ದೊಡ್ಡ ಪಕ್ಷ. ತಕರಾರುಗಳಿಂದ ಅವರಿಗೂ ಹೊರೆಯಾಗಿತ್ತು, ಆದ್ದರಿಂದ ಅವರೇ ಮುಂದಾದರು. ಟ್ರಾನ್ಸ್‌ಪೋರ್ಟಿನವರು ಒಬ್ಬೊಬ್ಬರಾಗಿ ಶುಲ್ಕ ಕೊಟ್ಟು ಕಟ್ಟಿಸಿದ್ದಲ್ಲ.

ಇನ್ನು ಇದರ ಮಿತಿ. ಬರೆದದ್ದು ಆಮೇಲೆ ತಿದ್ದುಪಡಿಯಾಗದಂತೆ ಬ್ಲಾಕ್‌ಚೈನ್ ಕಾಯುತ್ತದೆ. ಬರೆಯುವಾಗಲೇ ಸುಳ್ಳು ಬರೆದರೆ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಕಾಟಾದ ಮೇಲೆ ಲಾರಿ ನಿಂತಾಗ ಚಾಲಕ, ಕ್ಲೀನರ್ ಒಳಗೇ ಕೂತಿದ್ದರೆ, ಖಾಲಿ ತೂಕ ತೆಗೆಯುವಾಗ ಡೀಸೆಲ್ ಟ್ಯಾಂಕು ತುಂಬಿದ್ದು ಲೋಡಿನ ತೂಕಕ್ಕೆ ಮೊದಲು ಬರಿದಾಗಿದ್ದರೆ, ಇಳಿಸುವ ಕಡೆಯ ಕಾಟಾದ ಮುದ್ರೆಯ ಅವಧಿ ಮುಗಿದಿದ್ದರೆ, ತಪ್ಪು ಅಂಕಿ ದಾಖಲಾಗುತ್ತದೆ ಮತ್ತು ಅದು 'ಬ್ಲಾಕ್‌ಚೈನ್‌ನಲ್ಲಿರುವ ಅಂಕಿ' ಎಂಬ ಕಾರಣಕ್ಕೆ ಅದನ್ನು ಪ್ರಶ್ನಿಸುವುದು ಮೊದಲಿಗಿಂತ ಕಷ್ಟವಾಗುತ್ತದೆ. ಒಟಿಪಿಯನ್ನು ಡೀಲರನ ಬದಲು ಗೋದಾಮಿನ ಹುಡುಗ ಕೊಟ್ಟರೆ, ಫೋಟೊ ಬೇರೆ ಲೋಡಿನದಾದರೆ, ಯಾವ ಗಣಿತವೂ ಅದನ್ನು ಹಿಡಿಯಲಾರದು. ಹೀಗಾಗಿ ಶಾರ್ಟೇಜ್ ತಕರಾರು ನಿಲ್ಲುತ್ತದೆ ಎಂಬ ಮಾತು ಅರ್ಧ ಸತ್ಯ. ಕಾಟಾದ ತೂಕ ಮನುಷ್ಯನ ಕೈ ದಾಟದೆ ನೇರವಾಗಿ ದಾಖಲೆಗೆ ಬರುವಂತೆ ಮಾಡುವುದು, ಎರಡೂ ತುದಿಯ ಕಾಟಾಗಳ ನಡುವೆ ಎಷ್ಟು ಕೆ.ಜಿ. ವ್ಯತ್ಯಾಸವನ್ನು ಒಪ್ಪಬೇಕೆಂದು ಮೊದಲೇ ಬರೆದುಕೊಳ್ಳುವುದು, ಡೆಲಿವರಿ ಸಹಿಯನ್ನು ಅದೇ ದಿನ ಫೋನಿನಲ್ಲಿ ಪಡೆಯುವುದು, ಈ ಮೂರನ್ನು ಬ್ಲಾಕ್‌ಚೈನ್ ಇಲ್ಲದೆಯೇ ಈ ತಿಂಗಳಿನಿಂದ ನೀವು ಮಾಡಬಹುದು, ಮತ್ತು ನಿಮ್ಮ ತಕರಾರುಗಳಲ್ಲಿ ದೊಡ್ಡ ಪಾಲು ಅಷ್ಟರಿಂದಲೇ ಕಡಿಮೆಯಾಗುತ್ತದೆ ಎಂದು ನಾನು ನಂಬುತ್ತೇನೆ.

ಬಾಕಿ ಬಾಡಿಗೆಯ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಜೀವ ಇಲ್ಲಿದೆ. ಬ್ರೋಕರ್ ಮೂಲಕ ಹಿಡಿದ ಲಾರಿಗೆ ಬಾಡಿಗೆಯ ದೊಡ್ಡ ಪಾಲನ್ನು ಅಡ್ವಾನ್ಸ್ ಆಗಿ ನೀವು ಲೋಡಿನ ದಿನವೇ ಕೊಡಬೇಕು, ಕಂಪನಿಯಿಂದ ನಿಮಗೆ ಬರುವುದು ಮಾತ್ರ ತಿಂಗಳುಗಳ ಮೇಲೆ. ಈ ನಡುವಿನ ಹಣವನ್ನು ಸಣ್ಣ ಟ್ರಾನ್ಸ್‌ಪೋರ್ಟಿನವರು ಬಡ್ಡಿಗೆ ತಂದು ತುಂಬುತ್ತಿದ್ದಾರೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬಿಲ್ಲಿನ ಮೊತ್ತವನ್ನು ಲೆಕ್ಕ ಹಾಕುತ್ತದೆ, ನಿಜ. ಆದರೆ ಕಂಪನಿಯ ಬ್ಯಾಂಕ್ ಖಾತೆಯಿಂದ ಹಣ ಹೊರಡಬೇಕಾದರೆ ಅದಕ್ಕೆ ಕಂಪನಿ ಬ್ಯಾಂಕಿಗೆ ಮೊದಲೇ ಆದೇಶ ಕೊಟ್ಟಿರಬೇಕು ಅಥವಾ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟಿರಬೇಕು. ಎರಡನ್ನೂ ಮಾಡದ ಕಂಪನಿಯಿಂದ ಹಣ ತಾನಾಗಿ ಬರುವುದಿಲ್ಲ. ತಕರಾರಿನಿಂದಾಗಿ ತಡವಾಗುವ ಬಿಲ್ಲುಗಳಿಗೆ ಬ್ಲಾಕ್‌ಚೈನ್ ಪರಿಹಾರ ಕೊಡಬಹುದು. ಕೊಡುವವರು ಬಲಿಷ್ಠರು, ಕೇಳುವವರು ದುರ್ಬಲರು ಎಂಬ ಕಾರಣಕ್ಕೇ ತಡವಾಗುವ ಬಿಲ್ಲುಗಳಿಗೆ ಅದರಲ್ಲಿ ಪರಿಹಾರವಿಲ್ಲ.

ಅದಕ್ಕೆ ಈಗಾಗಲೇ ಇರುವ ಕಾನೂನನ್ನು ಬಳಸಿಕೊಳ್ಳಿ. ನೀವು ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ ಅಥವಾ ಸಣ್ಣ ಸಂಸ್ಥೆಯಾಗಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇದಲ್ಲದೆ ಟ್ರೆಡ್ಸ್ ಎಂಬ ವ್ಯವಸ್ಥೆಯಿದೆ. ರಿಸರ್ವ್ ಬ್ಯಾಂಕ್ 2014ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಸಣ್ಣ ಸಂಸ್ಥೆಯ ಬಿಲ್ಲನ್ನು ದೊಡ್ಡ ಕಂಪನಿ ಆನ್‌ಲೈನಿನಲ್ಲಿ ಒಪ್ಪಿದರೆ, ಬ್ಯಾಂಕುಗಳು ಆ ಬಿಲ್ಲಿನ ಮೇಲೆ ಬಡ್ಡಿ ದರವನ್ನು ಹರಾಜಿನಂತೆ ಕೂಗಿ, ಕಡಿಮೆ ದರ ಕೂಗಿದವರು ನಿಮಗೆ ಹಣವನ್ನು ಮೊದಲೇ ಕೊಟ್ಟು, ಗಡುವಿನ ದಿನ ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತವೆ. ಕಂಪನಿ ಕೊಡದೆ ಹೋದರೂ ಬ್ಯಾಂಕು ನಿಮ್ಮ ಮೇಲೆ ಬರುವಂತಿಲ್ಲ. 250 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿರುವ ಕಂಪನಿಗಳು 2025ರ ಮಾರ್ಚ್ 31ರ ಒಳಗೆ ಇದರಲ್ಲಿ ನೋಂದಣಿಯಾಗಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತ್ತು. ನೋಂದಣಿಯಾದ ಮಾತ್ರಕ್ಕೆ ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪಲೇಬೇಕೆಂಬ ಕಡ್ಡಾಯವಿಲ್ಲದಿರುವುದು ಅದರ ಕೊರತೆ. ಆದರೂ ನಿಮ್ಮ ಸಿಮೆಂಟ್ ಕಂಪನಿಯ ಲೆಕ್ಕ ವಿಭಾಗಕ್ಕೆ ಪತ್ರ ಬರೆದು, ಬಾಡಿಗೆ ಬಿಲ್ಲುಗಳನ್ನು ಟ್ರೆಡ್ಸ್‌ನಲ್ಲಿ ಒಪ್ಪುವಿರಾ ಎಂದು ಕೇಳಿ.

ಇದೇ ಟ್ರೆಡ್ಸ್‌ನ ಒಳಗೆ ಬ್ಲಾಕ್‌ಚೈನ್‌ನ ಒಂದು ಸೊಗಸಾದ ಬಳಕೆ ಹೆಚ್ಚು ಸುದ್ದಿಯಾಗದೆ ನಡೆದಿದೆ. ಮೊದಲಿಗೆ ಮೂರು ಪ್ರತ್ಯೇಕ ಸಂಸ್ಥೆಗಳು ಈ ವ್ಯವಸ್ಥೆಯನ್ನು ನಡೆಸುತ್ತಿದ್ದವು. ಒಂದೇ ಬಿಲ್ಲನ್ನು ಎರಡು ಕಡೆ ತೋರಿಸಿ ಎರಡು ಸಲ ಹಣ ಎತ್ತುವ ವಂಚನೆಯನ್ನು ತಡೆಯಬೇಕಾದರೆ ಮೂವರೂ ಬಿಲ್ಲಿನ ವಿವರಗಳನ್ನು ಹೋಲಿಸಿ ನೋಡಬೇಕು. ಆದರೆ ಪೈಪೋಟಿಯಲ್ಲಿರುವವರು ತಮ್ಮ ಗಿರಾಕಿಗಳ ವಿವರವನ್ನು ಒಬ್ಬರಿಗೊಬ್ಬರು ತೋರಿಸುವುದಾದರೂ ಹೇಗೆ? 2018ರಲ್ಲಿ ಅವರು ಒಂದು ಸಾಮಾನ್ಯ ಬ್ಲಾಕ್‌ಚೈನ್ ಜಾಲವನ್ನು ಸೇರಿದರು. ಆ ಏರ್ಪಾಡಿನಲ್ಲಿ ಬಿಲ್ಲಿನ ಬದಲು ಅದರ ಹ್ಯಾಶ್ ಗುರುತು ಮಾತ್ರ ಜಾಲಕ್ಕೆ ಹೋಗುತ್ತದೆ. ಅದೇ ಗುರುತು ಎರಡನೆಯ ಸಲ ಕಂಡರೆ ಈ ಬಿಲ್ಲಿನ ಮೇಲೆ ಆಗಲೇ ಹಣ ಕೊಟ್ಟಾಗಿದೆ ಎಂದು ತಿಳಿಯುತ್ತದೆ, ಯಾರ ಬಿಲ್ಲು, ಎಷ್ಟರದು ಎಂಬುದು ಬಯಲಾಗುವುದಿಲ್ಲ. ಪರಸ್ಪರ ನಂಬದ ಹಲವರು, ಹಂಚಿಕೊಳ್ಳಲೇಬೇಕಾದ ಒಂದು ಸಣ್ಣ ಸತ್ಯ: ಈ ತಂತ್ರಜ್ಞಾನಕ್ಕೆ ಇದಕ್ಕಿಂತ ಹೊಂದುವ ಕೆಲಸ ಬೇರಿಲ್ಲ.

ಮಧ್ಯವರ್ತಿಗಳು ಬೇಕಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹುಮನಾಬಾದಿನಲ್ಲಿ ಪುಣೆ-ಹೈದರಾಬಾದ್ ಕಡೆಯ 65ನೇ ಹೆದ್ದಾರಿಯೂ ಬೀದರ್-ಕಲಬುರಗಿ ಕಡೆಯ 50ನೇ ಹೆದ್ದಾರಿಯೂ ಕೂಡುತ್ತವೆ. ಅಂಥ ಜಾಗದ ಬ್ರೋಕರ್‌ಗೆ ಯಾವ ಲಾರಿ ಖಾಲಿಯಾಗಿ ವಾಪಸಾಗುತ್ತಿದೆ, ಯಾವ ಚಾಲಕನನ್ನು ನಂಬಬಹುದು, ಯಾವ ಮಾಲೀಕ ರಾತ್ರಿ ಫೋನ್ ಎತ್ತುತ್ತಾನೆ ಎಂಬುದು ಗೊತ್ತಿರುತ್ತದೆ. ಗುರುತಿಲ್ಲದ ಲಾರಿಗೆ ಲಕ್ಷಾಂತರ ರೂಪಾಯಿಯ ಸರಕು ತುಂಬಿಸುವಾಗ ನೀವು ಅವನಿಗೆ ಕೊಡುವ ದಲಾಲಿ ಆ ಹೊಣೆಗಾರಿಕೆಯ ಬೆಲೆ. ಒಂದು ಲಾರಿಯ ಹಿಂದಿನ ಲೋಡುಗಳ ಚರಿತ್ರೆ, ತಲುಪಿಸಿದ ಹೊತ್ತು, ಶಾರ್ಟೇಜ್‌ನ ಪ್ರಮಾಣ ಎಲ್ಲವೂ ತಿದ್ದಲಾಗದ ದಾಖಲೆಯಾಗಿ ಎಲ್ಲ ಟ್ರಾನ್ಸ್‌ಪೋರ್ಟಿನವರಿಗೂ ಸಿಗುವ ಕಾಲ ಬಂದರೆ ಹೊಣೆಗಾರಿಕೆಯ ಆ ಭಾಗ ಹಗುರವಾಗಬಹುದು. ಲಾರಿ ಹುಡುಕುವ ಕೆಲಸ ಆಗಲೂ ಉಳಿಯುತ್ತದೆ.

ತೊಗರಿಬೇಳೆಯ ಕತೆ ಸಿಮೆಂಟಿಗಿಂತ ಬೇರೆ. ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದೇ ವೇಳೆ ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ಗಳಿಂದ ತೊಗರಿ ದೇಶಕ್ಕೆ ಬರುತ್ತಿದೆ. ಚೀಲದ ಮೇಲೆ ಕಲಬುರಗಿ ಎಂದು ಅಚ್ಚಾದ ಬೇಳೆ ಇಲ್ಲಿನ ಕಪ್ಪು ಮಣ್ಣಿನದೇ ಎಂದು ದೂರದ ಗ್ರಾಹಕನಿಗೆ ತೋರಿಸಿಕೊಡುವುದಕ್ಕೆ ಬ್ಲಾಕ್‌ಚೈನ್ ಬಳಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ವಾಲ್‌ಮಾರ್ಟ್ ಅಮೆರಿಕದಲ್ಲಿ ಹೆಚ್ಚಿಟ್ಟ ಮಾವಿನ ಪೊಟ್ಟಣವೊಂದರ ಮೂಲವನ್ನು ಹುಡುಕಿಸಿದಾಗ ಮೊದಲು ಸುಮಾರು 7 ದಿನ ಹಿಡಿದದ್ದು, ಬ್ಲಾಕ್‌ಚೈನ್ ಪ್ರಯೋಗದಲ್ಲಿ 2.2 ಸೆಕೆಂಡಿಗೆ ಇಳಿಯಿತು. ನಮ್ಮ ಕಾಫಿ ಮಂಡಳಿಯೂ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯ ಪ್ರಯೋಗಕ್ಕೆ ಚಾಲನೆ ಕೊಟ್ಟಿತ್ತು. ಮಾವಿನ ವಿಷಯದಲ್ಲಿ ಆ ವೇಗ ಬಂದದ್ದಕ್ಕೆ ತೋಟದಿಂದ ಅಂಗಡಿಯವರೆಗಿನ ಎಲ್ಲರೂ ಒಂದೇ ನಮೂನೆಯಲ್ಲಿ ದಾಖಲೆ ಬರೆದದ್ದು ಬ್ಲಾಕ್‌ಚೈನ್‌ನಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ.

ತೊಗರಿಯಲ್ಲಿ ಕಷ್ಟವಿರುವುದು ಮಿಲ್ಲಿನ ಒಳಗೆ. ನೂರಾರು ರೈತರ ಕಾಳು ಒಂದೇ ರಾಶಿಯಲ್ಲಿ ಸೇರಿ, ಎಣ್ಣೆ-ನೀರು ಹಚ್ಚಿಸಿಕೊಂಡು, ಒಣಗಿ, ಒಡೆದು ಬೇಳೆಯಾಗುವಾಗ ಯಾವ ಕಾಳು ಯಾರದೆಂದು ಹೇಳಲಾಗದು. ಅಲ್ಲಿ ಮಾಡಬಹುದಾದದ್ದು ತೂಕದ ತಾಳೆ. ಒಂದು ಕ್ವಿಂಟಲ್ ತೊಗರಿಯಿಂದ ಸಾಮಾನ್ಯವಾಗಿ 70ರಿಂದ 75 ಕೆ.ಜಿ. ಬೇಳೆ ಬರುತ್ತದೆ. ಸ್ಥಳೀಯ ರೈತರಿಂದ ಕೊಂಡದ್ದಾಗಿ 1,000 ಕ್ವಿಂಟಲ್ ತೊಗರಿಯನ್ನು ದಾಖಲಿಸಿದ ಮಿಲ್ಲು 900 ಕ್ವಿಂಟಲ್ ಬೇಳೆಗೆ ಕ್ಯೂಆರ್ ಚೀಟಿ ಕೇಳಿದರೆ ವ್ಯವಸ್ಥೆ ಕೊಡಲು ಒಪ್ಪುವುದಿಲ್ಲ. ಇದು ನಿಜವಾದ ಲಾಭ. ಆದರೆ ಅದೇ ತೂಕದ ಸ್ಥಳೀಯ ತೊಗರಿಯನ್ನು ಬೇರೆಡೆಗೆ ಮಾರಿ, ಆ ಜಾಗಕ್ಕೆ ಹೊರಗಿನ ತೊಗರಿ ತಂದು ಒಡೆದರೆ ತೂಕ ತಾಳೆಯಾಗುತ್ತದೆ, ಚೀಟಿಯೂ ಬರುತ್ತದೆ. ಅದನ್ನು ಹಿಡಿಯಲು ಗೋದಾಮಿನ ಬಾಗಿಲಲ್ಲಿ ನಿಂತು ನೋಡುವ ತಪಾಸಣೆಗಾರ, ಮಾದರಿ ಪರೀಕ್ಷಿಸುವ ಪ್ರಯೋಗಾಲಯ ಬೇಕು. ನಿಮ್ಮ ಪಾತ್ರ ಇದರಲ್ಲಿ ಸಣ್ಣದು, ಆದರೆ ಇದೆ. ಚೀಲಗಳ ಲಾಟ್ ಸಂಖ್ಯೆಯನ್ನು ಬಿಲ್ಟಿಯಲ್ಲಿ ಬರೆಯುವ ರೂಢಿಯನ್ನು ಈಗಿನಿಂದಲೇ ಮಾಡಿಕೊಂಡರೆ, ಮುಂದೆ ಮಿಲ್ಲಿನವರು ಇಂಥ ವ್ಯವಸ್ಥೆಗೆ ಹೋದಾಗ ನಿಮ್ಮನ್ನು ಬಿಟ್ಟು ಹೋಗಲಾರರು.

ದೊಡ್ಡವರು ಕಟ್ಟಿದ್ದೂ ಬಿದ್ದಿದೆ ಎಂಬುದು ನಿಮಗೆ ತಿಳಿದಿರಲಿ. ಹಡಗು ಸಾಗಣೆಯ ಮಾರ್ಸ್ಕ್ ಸಂಸ್ಥೆ 2014ರಲ್ಲಿ ಕೆನ್ಯಾದಿಂದ ಯುರೋಪಿಗೆ ಹೊರಟ ಒಂದು ಶೀತಲ ಕಂಟೇನರಿನ ಹಾದಿಯನ್ನು ಹಿಂಬಾಲಿಸಿ ನೋಡಿದಾಗ, ಸುಮಾರು 30 ಜನ ಮತ್ತು ಸಂಸ್ಥೆಗಳು, 200ಕ್ಕೂ ಹೆಚ್ಚು ಸಲದ ಕಾಗದ-ಪತ್ರ ವಿನಿಮಯ ಕಂಡುಬಂದವು. ಆ ಹೊರೆ ಇಳಿಸಲು ಐಬಿಎಂ ಜೊತೆ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆಯನ್ನು ಆರಂಭಿಸಿತು. ಎಂಎಸ್‌ಸಿ, ಸಿಎಂಎ ಸಿಜಿಎಂನಂಥ ಪ್ರತಿಸ್ಪರ್ಧಿಗಳೂ ಸೇರಿದರು. ಹಾಗಿದ್ದೂ 2022ರ ನವೆಂಬರ್‌ನಲ್ಲಿ ಅದನ್ನು ನಿಲ್ಲಿಸುವುದಾಗಿ ಘೋಷಿಸಿ, 2023ರ ಆರಂಭದಲ್ಲಿ ಮುಚ್ಚಿದರು. ಇಡೀ ಉದ್ಯಮದ ಸಹಕಾರ ಬೇಕಾದಷ್ಟು ಸಿಗಲಿಲ್ಲ ಎಂದು ಅವರೇ ಹೇಳಿದರು. ತಂತ್ರಜ್ಞಾನ ಕೆಟ್ಟಿರಲಿಲ್ಲ. ಪೈಪೋಟಿಯಲ್ಲಿರುವ ಒಬ್ಬರ ಒಡೆತನದ ಲೆಕ್ಕದ ಪುಸ್ತಕದಲ್ಲಿ ಉಳಿದವರು ಮನಸ್ಸಿಟ್ಟು ಬರೆಯುವುದು ಕಷ್ಟ ಎಂದೇ ನಾನು ಇದನ್ನು ಓದಿಕೊಂಡಿದ್ದೇನೆ.

ಎಲ್ಲರೂ ಒಪ್ಪುವ ಒಂದು ಅಧಿಕಾರ ಇರುವಲ್ಲಿ ಬ್ಲಾಕ್‌ಚೈನ್ ಬೇಕಾಗುವುದೇ ಇಲ್ಲ. 2018ರ ಏಪ್ರಿಲ್ 1ರಿಂದ ರಾಜ್ಯಗಳ ನಡುವೆ ಜಾರಿಯಾದ ಇ-ವೇ ಬಿಲ್, ಫಾಸ್ಟ್ಯಾಗ್, ವಾಹನ ನೋಂದಣಿಯ 'ವಾಹನ್' ದಾಖಲೆ, 2022ರ ಸೆಪ್ಟೆಂಬರ್‌ನ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆ ಬಂದು ಇವೆಲ್ಲವನ್ನು ಒಂದೆಡೆ ನೋಡಲು ಅನುವಾಗಿಸಿದ ಯೂಲಿಪ್ ವ್ಯವಸ್ಥೆ, ಇವು ಸಾಮಾನ್ಯ ದತ್ತಾಂಶ ವ್ಯವಸ್ಥೆಗಳಾಗಿಯೇ ನಡೆಯುತ್ತಿವೆ. ಮಾನ್ಯತೆ ಪಡೆದ ಗೋದಾಮಿನಲ್ಲಿಟ್ಟ ತೊಗರಿಯ ಮೇಲೆ ಸಾಲ ಪಡೆಯಲು ಕೊಡುವ ಎಲೆಕ್ಟ್ರಾನಿಕ್ ರಸೀದಿಯೂ ಹಾಗೆಯೇ. ಗೋದಾಮು ನಿಯಂತ್ರಣ ಪ್ರಾಧಿಕಾರದ ಅಡಿಯ ರಿಪಾಸಿಟರಿ ಎಂಬ ದಾಖಲೆ ಕೇಂದ್ರಗಳಲ್ಲಿ ಅದು ನೋಂದಣಿಯಾಗುವುದರಿಂದ ಒಂದೇ ದಾಸ್ತಾನನ್ನು ಎರಡು ಬ್ಯಾಂಕಿಗೆ ಅಡ ಇಡಲು ಬರುವುದಿಲ್ಲ. ನಿಮ್ಮ ಬಳಿ ಬಂದ ಸಂಸ್ಥೆಯವರು ಲಾರಿಯ ಜಿಪಿಎಸ್, ಇ-ವೇ ಬಿಲ್ ಅವಧಿಯ ಎಚ್ಚರಿಕೆ, ಫೋನಿನಲ್ಲಿ ಡೆಲಿವರಿ ಸಹಿ ಇಷ್ಟನ್ನು ಬ್ಲಾಕ್‌ಚೈನ್ ಹೆಸರಿಲ್ಲದೆ ಕಡಿಮೆ ಶುಲ್ಕಕ್ಕೆ ಕೊಡುವುದಾದರೆ ಅದನ್ನು ತೆಗೆದುಕೊಳ್ಳಲು ನನ್ನ ಅಡ್ಡಿಯಿಲ್ಲ. ಇ-ವೇ ಬಿಲ್‌ಗೆ ಸಾಮಾನ್ಯ ಸರಕಿನಲ್ಲಿ 200 ಕಿ.ಮೀ.ಗೆ ಒಂದು ದಿನದ ಅವಧಿ ಇರುವುದರಿಂದ, ಡೀಲರನ ಬಾಗಿಲಲ್ಲಿ ಲಾರಿ ನಿಂತು ಅವಧಿ ಮೀರಿ ದಂಡ ತೆತ್ತವರಿಗೆ ಆ ಎಚ್ಚರಿಕೆಯ ಬೆಲೆ ಗೊತ್ತು.

ಕೊನೆಯದಾಗಿ, ಕಂಪನಿಯೇ ಕಡ್ಡಾಯ ಮಾಡಿದರೆ ಏನು ಎಂಬ ಪ್ರಶ್ನೆ. ಸೇರುವುದು ಒಳ್ಳೆಯದೇ, ಆದರೆ ಕೆಲವು ಮಾತುಗಳನ್ನು ಒಪ್ಪಂದದಲ್ಲಿ ಬರೆಸಿಕೊಂಡು ಸೇರಿ. ದಾಖಲೆಯ ಪೂರ್ಣ ಪ್ರತಿ ನಿಮಗೂ ಸಿಗಬೇಕು. ಕಂಪನಿಯ ಸರ್ವರಿನಲ್ಲಿ ಮಾತ್ರ ಇರುವ ಬ್ಲಾಕ್‌ಚೈನ್‌ನಲ್ಲಿ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ದರ ಇನ್ನೊಬ್ಬ ಟ್ರಾನ್ಸ್‌ಪೋರ್ಟಿನವರಿಗೆ ಕಾಣದಂತೆ ಇಡಲಾಗಿದೆಯೇ ಎಂದು ಕೇಳಿ, ಫ್ಯಾಬ್ರಿಕ್‌ನಂಥ ತಂತ್ರಾಂಶದಲ್ಲಿ ಹಾಗೆ ಪ್ರತ್ಯೇಕಿಸಿ ಇಡುವ ಅನುಕೂಲವಿದೆ. ಚಾಲಕನ ಫೋನ್ ಸಂಖ್ಯೆ, ಲೈಸೆನ್ಸ್ ವಿವರಗಳು ಸರಪಳಿಯ ಒಳಗೆ ಹೋಗಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ತನ್ನ ವಿವರ ಅಳಿಸಲು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ, ಅಳಿಸಲಾಗದ ಕಡೆ ಬರೆದಿಟ್ಟರೆ ಆ ಹಕ್ಕನ್ನು ಪಾಲಿಸಲು ಬರುವುದಿಲ್ಲ. ನ್ಯಾಯಾಲಯದ ಮಟ್ಟಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಗುರುತನ್ನೂ ನಮೂದಿಸಲು ಹೇಳಲಾಗಿದೆ. ಹಾಗಾಗಿ ಇಂಥ ದಾಖಲೆಯ ಪ್ರತಿಯನ್ನು ಕಾಪಾಡಿಕೊಂಡವರಿಗೆ ನಾಳೆ ಅನುಕೂಲವೇ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಕಡಿತದ ಷರತ್ತನ್ನು ಓದಿ. ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನಲ್ಲಿ ಒಡೆದ ಚೀಲಕ್ಕೆ, ತಡವಾದ ಗಂಟೆಗೆ ಬಾಡಿಗೆ ಕಡಿಯುವ ಸಾಲುಗಳನ್ನು ಬರೆದು, ಹಾಲ್ಟಿಂಗ್ ಕೊಡುವ ಸಾಲನ್ನು ಬಿಟ್ಟಿದ್ದರೆ, ಹಿಂದೆ ಗುಮಾಸ್ತನ ಜೊತೆ ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದ ಅನ್ಯಾಯ ಇನ್ನು ಮುಂದೆ ಪ್ರತಿ ಲೋಡಿಗೂ ತಾನಾಗಿ ನಡೆಯುತ್ತದೆ. ಷರತ್ತುಗಳನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿ, ಕಳೆದ ತಿಂಗಳ ಹತ್ತು ಹಳೆಯ ಬಿಲ್ಲುಗಳನ್ನು ಆ ಷರತ್ತುಗಳಿಗೆ ಹಾಕಿ ಮೊತ್ತ ಎಷ್ಟು ಬರುತ್ತದೆಂದು ಅವರ ಎದುರೇ ಲೆಕ್ಕ ಮಾಡಿಸಿ. ಡೆಲಿವರಿ ನಮೂದಾದ ಮೇಲೆ ಕಡಿತ ಅಂತಿಮವಾಗುವ ಮೊದಲು ಆಕ್ಷೇಪಿಸಲು ಕನಿಷ್ಠ 48 ಗಂಟೆ ಇರಬೇಕು, ಮತ್ತು ಆಕ್ಷೇಪವಿಲ್ಲದ ಮೊತ್ತವನ್ನು ಆ ನಡುವೆ ತಡೆಹಿಡಿಯಬಾರದು. ಈ ಎರಡು ಸಾಲುಗಳನ್ನು ಸೇರಿಸಲು ಕಂಪನಿ ಒಪ್ಪಿದರೆ ಸಹಿ ಹಾಕಿ. ಒಪ್ಪದಿದ್ದರೆ ಒಬ್ಬರೇ ವಾದಿಸಬೇಡಿ, ಅದೇ ಕಾರ್ಖಾನೆಗೆ ಲಾರಿ ಓಡಿಸುವ ಉಳಿದ ಟ್ರಾನ್ಸ್‌ಪೋರ್ಟಿನವರನ್ನು ಸೇರಿಸಿಕೊಂಡು ಸಂಘದ ಮೂಲಕ ಲಿಖಿತವಾಗಿ ಕೇಳಿ.